ಸೊಂಟದ ಮೆಡಲು

ಡೈರಿಯನ್ನು ಅಕ್ಕಿ ಡಬ್ಬದೊಳಗೆ ತುರುಕಿ ಮೇಲೆ ಅಕ್ಕಿ ಸರಿಸುವಾಗ ಸುಮತಿಗೆ ತನ್ನ ಮೇಲೆಯೇ ಹೇಸಿಗೆ: ಅಪ್ಪನ ಹೆಣ ಹೊರಗಿದೆ, ನನಗೆ ಈ ಪುಸ್ತಕದ ಚಿಂತೆ, ನಾನೆಂಥ ಮಗಳು? ಬಿ.ಎ. ಮುಗಿಸಿದ್ದರೂ ಮನಸ್ಸಿನ ಮಾತನ್ನು ಅವಳು ಹೇಳುತ್ತಿದ್ದದ್ದು ಡೈರಿಗೆ ಮಾತ್ರ.

ಜಗಲಿಯಲ್ಲಿ ನಗು ಎದ್ದಿತು. ಅಪ್ಪ ರಾಮದಾಸ ಮದ್ರಾಸಿನ ಅಡ್ಯಾರಿನ ಹೋಟೆಲಿನಲ್ಲಿ ಇಪ್ಪತ್ತೇಳು ವರ್ಷ ದೋಸೆ ಹೊಯ್ದವರು. ಮೈಮೇಲಿನ ಸುಟ್ಟ ಕಲೆಗಳಿಗೆಲ್ಲ ‘ಮೆಡಲು’ ಎನ್ನುತ್ತಿದ್ದರು.

“ಇದು ದೀಪಾವಳಿ ಮೆಡಲು,” ಅಪ್ಪನ ತಂಗಿ ಸರಸತ್ತೆ ಹೆಣದ ಮೊಣಕೈ ಸವರಿದಳು. “ಬಾಣಲೆಗೆ ಇಣುಕ್ಲಿಕ್ಕೆ ಹೋಗಿ ಆದದ್ದು.”

“ಇಣುಕಿದ್ದಲ್ಲ ಸರಸಕ್ಕ, ವಡೆ ಕದೀಲಿಕ್ಕೆ ಹೋದದ್ದು!” ಎಂದ ಜೊತೆಯ ಅಡಿಗೆಯವ ಮೋನಪ್ಪ. ಅಳುತ್ತಿದ್ದವರೂ ನಕ್ಕರು. ಮಧ್ಯಾಹ್ನದ ಸೆಕೆಯಲ್ಲೂ ಅವನು ಶಾಲು ಹೊದ್ದಿದ್ದ.

*

ಹದಿನೈದು ದಿನದ ಹಿಂದೆ, ಅಪ್ಪ ಜ್ವರದಲ್ಲೇ ಲುಂಗಿ ಬಿಗಿಯುವಾಗ ಸೊಂಟದಲ್ಲೊಂದು ಕಪ್ಪು ಹಕ್ಕಳೆ ಕಂಡಿತ್ತು, ಬೀಡಿ ಒತ್ತಿ ಆರಿಸಿದ ಹಾಗೆ.

“ಹೊಸ ಮೆಡಲು ಮಗಾ!”

ಲುಂಗಿಯ ಗಂಟಿನೊಳಗೆ ಎಣ್ಣೆ ಹಾರುವುದು ಹೇಗೆ? ಸುಮತಿ ಡೈರಿಯಲ್ಲಿ ಬರೆದಳು. ಕೇಳಲು ನಾಚಿಕೆ.

ವಾರದ ಮೇಲೆ ಆಸ್ಪತ್ರೆಯ ಮುದಿ ಡಾಕ್ಟರು ಅವಳನ್ನು ಬದಿಗೆ ಕರೆದರು. ಅದು ಸುಟ್ಟದ್ದಲ್ಲ, ಹುಲ್ಲಿನ ಪುಟ್ಟ ಹುಳ ಕಚ್ಚಿದ್ದು. ಮೊದಲೇ ತೋರಿಸಿದ್ದರೆ ಗುಳಿಗೆಗೆ ಬಗ್ಗುವ ಜ್ವರ, ಈಗ ಶ್ವಾಸಕೋಶದ ತುಂಬ ನೀರು. ಯಾರೂ ನೋಡಿರಲಿಲ್ಲವೆ ಎಂದು ಕೇಳಿದರು. ಸುಮತಿ ಇಲ್ಲವೆಂದು ತಲೆಯಾಡಿಸಿದಳು. ಮನೆಯಲ್ಲಿ ಏನೂ ಹೇಳಲಿಲ್ಲ. ಡೈರಿಗೆ ಎಲ್ಲ ಗೊತ್ತಿತ್ತು.

*

“ವಾಯ್ಕರಿಸಿ ಎಂಗೇಮ್ಮಾ?” ಪಕ್ಕದ ಮನೆಯ ತಮಿಳು ಅಜ್ಜಿ ಕೂಗಿದಳು, ಹೆಣದ ಬಾಯಿಗಿಡುವ ಅಕ್ಕಿ ಎಲ್ಲೆಂದು. ಊರಲ್ಲಾದರೆ ಬಾಯಿಗೆ ತುಳಸಿನೀರು ಸಾಕು. ಮದ್ರಾಸಿನಲ್ಲಿ ಅಕ್ಕಿಯೂ ಬೇಕೆಂಬುದು ಸುಮತಿಗೆ ಮರೆತಿತ್ತು. ಸರಸತ್ತೆ ಡಬ್ಬಕ್ಕೆ ಕೈ ಹಾಕಿದಳು.

“ಎಂತ ಮಾರಾಯ್ತಿ, ನಿಮ್ಮ ಅಕ್ಕಿಯಲ್ಲಿ ಪುಸ್ತಕ ಬೆಳೀತದಾ?”

ಸುಮತಿ ಡೈರಿ ಕಸಿದು ಎದೆಗವಚಿಕೊಂಡು ಜಗಲಿಗೆ ಬಂದಳು. ಮೋನಪ್ಪ ಹಿಡಿ ಅಕ್ಕಿಯೊಂದಿಗೆ ಗೆಳೆಯನ ಮುಂದೆ ಕುಕ್ಕರಿಸಿದ್ದ.

“ನೀನು ಆಸ್ಪತ್ರೆಗೆ ಸೇರಿದ ದಿನ, ನಾವಿಬ್ರೂ ಹೋಗ್ತಿದ್ದ ತಾಂಬರಂ ಬಯಲಿಗೆ ನಾನೊಬ್ನೇ ಹೋದೆ ಮಾರಾಯ. ನಿಂಗೆ ಚಟ್ನಿಗೆ ಒಂದೆಲಗ ತರ್ಲಿಕ್ಕೆ. ನೋಡು, ನಂಗೂ ಒಂದು ಮೆಡಲು!” ತೋಳೆತ್ತಿದ. ಶಾಲು ಜಾರಿತು. ಕಂಕುಳಲ್ಲಿ ಅದೇ ಕಪ್ಪು ಹಕ್ಕಳೆ.

“ಕಂಕುಳಲ್ಲಿ ದೋಸೆ ಹೊಯ್ದಿಯಾ?” ಸರಸತ್ತೆ ಕಿಚಾಯಿಸಿದಳು. ಎಲ್ಲರೂ ನಕ್ಕರು.

“ಅದು ಮೆಡಲಲ್ಲ, ಮೋನಪ್ಪ ಮಾಮ.”

ಸುಮತಿಯ ದನಿ ಬೀದಿಗೂ ಕೇಳಿಸಿತು. “ಅಪ್ಪಂದೂ ಅಲ್ಲ. ಮೊದಲೇ ನೋಡಿದ್ದೆ, ನಾನು ಹೇಳ್ಲಿಲ್ಲ. ಏಳಿ, ಈಗ್ಲೇ ಡಾಕ್ಟ್ರ ಹತ್ರ ಹೋಗುವ.”

ಅವನ ಬಿಸಿ ಮಣಿಕಟ್ಟನ್ನು ಅವಳು ಎರಡೂ ಕೈಯಿಂದ ಹಿಡಿದಿದ್ದಳು. ಡೈರಿ ಅಪ್ಪನ ಕಾಲ ಬಳಿ ತೆರೆದೇ ಬಿದ್ದಿತ್ತು, ಹಾಳೆಗಳ ನಡುವೆ ಅಕ್ಕಿಕಾಳು.