ಹೊಟ್ಟೆಬಾಕನ ಪಕ್ಕ ಕಟ್ಟಿದ ಮರಿ

ಕೊಟ್ಟಿಗೆ ಗುಡಿಸುತ್ತಿದ್ದ ಅಮ್ಮನ ಕೈ ಅರ್ಧಕ್ಕೇ ನಿಂತಿತು. ಮೂಲೆಯಲ್ಲಿದ್ದ ಕಂದು ಮರಿ ಸೀನಿತು. ಒಂದಲ್ಲ, ಮೂರು ಸಲ. ಆಡು ಸೀನುವುದೇನೂ ಹೊಸದಲ್ಲ, ಹಿಂಡಿಯ ಪುಡಿ ಮೂಗಿಗೇರಿದರೂ ಸೀನುತ್ತದೆ. ಆದರೆ ಪೊರಕೆ ಗೋಡೆಗೊರಗಿಸಿ ಬಗ್ಗಿ ನೋಡಿದರೆ, ಮೂಗಿನಲ್ಲಿ ಗಟ್ಟಿ ಸಿಂಬಳ, ಕಣ್ಣಲ್ಲಿ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿದೆ. ಕಿವಿ ಮುಟ್ಟಿದಳು, ಕೆಂಡ. ತುಟಿ ಎತ್ತಿದಳು, ವಸಡಿನ ಮೇಲೆ ತೌಡು ಮೆತ್ತಿದ ಹಾಗೆ ಹುಣ್ಣು.

"ಗುಬ್ಬೀ, ಒಳಗೆ ಬರಬೇಡ. ಅಲ್ಲೇ ನಿಲ್ಲು."

ಸೊಪ್ಪು ಹಿಡಿದು ಬಂದ ಎಂಟು ವರ್ಷದ ಮಗಳು ಬಾಗಿಲಲ್ಲೇ ನಿಂತಳು. ಸಂತೆಯಿಂದ ಮರಿ ತಂದು ಎಂಟು ದಿನವಾಗಿತ್ತು. ಮನೆಗೆ ಬಂದ ಗಳಿಗೆಯಿಂದ ಅದು ಗುಬ್ಬಿಯ ಮರಿ.

ಅಮ್ಮ ತಡಮಾಡಲಿಲ್ಲ. ಮರಿಯನ್ನೆತ್ತಿ ಹಿತ್ತಲ ಸೌದೆಮನೆಯಲ್ಲಿ ಕಟ್ಟಿದಳು, ಅದಕ್ಕೇ ಬೇರೆ ಬಕೆಟ್ಟಿಟ್ಟಳು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಆಮೇಲೆ ದನದ ಡಾಕ್ಟರಿಗೆ ಫೋನು ಮಾಡಿದಳು.

ಡಾಕ್ಟರು ಬಂದವರು ಮರಿಯನ್ನು ನೋಡುತ್ತಲೇ ನಿಟ್ಟುಸಿರು ಬಿಟ್ಟರು. "ನೋಡಿದರೆ ಆಡಿನ ಪ್ಲೇಗೇ. ಪರೀಕ್ಷೆಗೆ ಕಳಿಸ್ತೀನಿ, ಆದರೆ ಅಲ್ಲೀತನಕ ಕಾಯೋ ಹಾಗಿಲ್ಲ. ಇದು ವೈರಸ್ಸು, ಇದಕ್ಕಂತ ಔಷಧಿ ಇಲ್ಲ. ಜೊತೆಗೆ ಬರೋ ಕೆಮ್ಮಿಗೆ, ಭೇದಿಗೆ ಕೊಡಬಹುದು ಅಷ್ಟೆ. ಮನುಷ್ಯರಿಗೆ ಬರಲ್ಲ."

"ನಮ್ಮ ಉಳಿದ ಒಂಬತ್ತು ಆಡು?"

"ಅವಕ್ಕೆ ಹೋದ ವರ್ಷ ನಾನೇ ಲಸಿಕೆ ಚುಚ್ಚಿದ್ದೀನಲ್ಲ, ಅವು ಗಟ್ಟಿ. ಹೊಸದನ್ನ ತಂದಾಗ ಮೂರು ವಾರ ಬೇರೆ ಕಟ್ಟಿ ಅಂತಲೂ ಹೇಳಿದ್ದೆ." ಡಾಕ್ಟರು ಬೂಟು ತೊಳೆಯುತ್ತ ಕೇಳಿದರು: "ಇದನ್ನ ಬೇರೆಯವರ ಆಡಿನ ಹತ್ತಿರ ಬಿಟ್ಟಿದ್ರಾ?"

ಗುಬ್ಬಿ ಅಮ್ಮನ ಸೆರಗಿನ ಹಿಂದೆ ಸರಿದಳು.

"ಬಿಟ್ಟಿದ್ವಿ. ನಾಲ್ಕು ದಿನದ ಹಿಂದೆ, ನಮ್ಮಕ್ಕನ ಕೊಟ್ಟಿಗೇಲಿ," ಎಂದಳು ಅಮ್ಮ.

ಆ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದ ಒಂದು ಮಾತಿತ್ತು: ಮೇವು ಸೇರದ ಆಡನ್ನು ಹೊಟ್ಟೆಬಾಕ ಆಡಿನ ಪಕ್ಕ ಕಟ್ಟು, ಅದನ್ನು ನೋಡಿ ಇದಕ್ಕೂ ಹಸಿವಾಗುತ್ತದೆ. ಅಮ್ಮ ಅಕ್ಕ ಅಂತಲೇ ಕರೆಯುವ, ಹಿಂದಿನ ಬೀದಿಯ ಓರಗಿತ್ತಿಯ ಹೋತಕ್ಕೆ ಹೆಸರೇ ಹೊಟ್ಟೆಬಾಕ. ಒಣಹಾಕಿದ ಟವೆಲನ್ನೂ ಬಿಡದವನು. ಮರಿ ಸೊಪ್ಪು ಬಿಟ್ಟಾಗ, ದೊಡ್ಡಮ್ಮನ ಮನೆಗೆ ಹೊಡೆದುಕೊಂಡು ಹೋಗು ಅಂತ ಹೇಳಿದವಳು ಅಮ್ಮ, ಹಗ್ಗ ಹಿಡಿದು ಹೋಗಿ ಕಟ್ಟಿದವಳು ಗುಬ್ಬಿ. ಮರಿಗೂ ಹೊಟ್ಟೆಬಾಕನಿಗೂ ಅವನ ಪಕ್ಕದ ಎರಡು ಹೆಣ್ಣಾಡಿಗೂ ಒಂದೇ ಬುಟ್ಟಿ, ಒಂದೇ ನೀರಿನ ತೊಟ್ಟಿ, ಇಡೀ ದಿನ.

"ಅವರ ಹದಿನೆಂಟು ಆಡಿಗೂ ಚುಚ್ಚಿಲ್ಲ," ಅಂದರು ಡಾಕ್ಟರು. "ಹಾಲು ಕಮ್ಮಿಯಾಗುತ್ತೆ ಅಂತ, ನಾನು ಮುಂದಿನ ಬಾಗಿಲು ತಟ್ಟಿದಾಗ ಹಿಂದಿನ ಬಾಗಿಲಿಂದ ಹೊಡ್ಕೊಂಡು ಹೋಗಿದ್ರು. ಈಗ ಚುಚ್ಚಬಹುದು. ಆದರೆ ಸೋಂಕು ಆಗಲೇ ತಗುಲಿರೋದಕ್ಕೆ ಅದು ಕೆಲಸ ಮಾಡಲ್ಲಮ್ಮ."

ಅಮ್ಮ ಸೀರೆ ಬದಲಿಸಿ, ಚಪ್ಪಲಿ ತೊಳೆದು ಹೊರಟಳು. ಗುಬ್ಬಿ ಹಿಂದೆಯೇ ಬಂದಳು. ದಾರಿಯಲ್ಲಿ ಎರಡು ಸಲ "ಅಮ್ಮಾ" ಅಂದಳು, ಎರಡು ಸಲವೂ "ಏನಿಲ್ಲ" ಅಂದಳು.

"ಏನೇ ಇದು, ಗೇಟಲ್ಲೇ ನಿಂತುಬಿಟ್ಟೆ?" ಓರಗಿತ್ತಿ ಒಳಗಿನಿಂದಲೇ ಕೂಗಿದಳು. "ನನ್ನ ಕಾಫಿಪುಡಿ ಉಳಿಸ್ತಿದ್ದೀಯಾ?"

"ಒಳಗೆ ಬರೋ ಹಾಗಿಲ್ಲ ಅಕ್ಕ. ನಮ್ಮ ಮರಿಗೆ ಪ್ಲೇಗು ಬಂದಿದೆ. ಉಸಿರಲ್ಲಿ, ಸಿಂಬಳದಲ್ಲಿ, ಕುಡಿದ ನೀರಲ್ಲಿ ಹರಡುತ್ತಂತೆ. ಅದನ್ನ ನಿನ್ನ ಕೊಟ್ಟಿಗೇಲಿ ಕಟ್ಟಿಸಿದ್ದು ನಾನು. ತಪ್ಪು ನಂದು."

ಓರಗಿತ್ತಿಯ ಮುಖದ ನಗು ಇಳಿಯಿತು. "ಹದಿನೆಂಟು ಆಡು ಕಣೇ ನಂದು! ಮಕ್ಕಳ ಹಾಗೆ ಸಾಕಿದ್ದೀನಿ! ನಿನ್ನ ಸಂತೆಯ ಪೀಡೆ ತಂದು ನನ್ನ ಮನೇಲಿ ಕಟ್ಟಿದ್ಯಾ?"

"ಬೈಯಿ ಅಕ್ಕ. ಆದರೆ ಕೆಲಸ ಮಾಡ್ತಾ ಬೈಯಿ. ಹೊಟ್ಟೆಬಾಕನ್ನ, ಅವನ ಜೊತೆ ತಿಂದ ಆ ಎರಡು ಹೆಣ್ಣಾಡನ್ನ ಈಗಲೇ ಬೇರೆ ಕಟ್ಟು. ತೊಟ್ಟಿ ಖಾಲಿ ಮಾಡಿ ತಿಕ್ಕು. ಮೂರು ವಾರ ಒಂದಾಡೂ ಈ ಗೇಟು ದಾಟಬಾರದು, ಮೇಯೋಕೂ ಇಲ್ಲ, ಮಾರೋಕೂ ಇಲ್ಲ. ಸೊಪ್ಪು ನಾನು ಕೊಯ್ದು ತಂದು ಗೇಟಲ್ಲಿ ಇಡ್ತೀನಿ. ಡಾಕ್ಟರು ಮಧ್ಯಾಹ್ನ ಚುಚ್ಚೋಕೆ ಬರ್ತಾರೆ. ಈ ಸಲ ಹಿಂದಿನ ಬಾಗಿಲಿಗೆ ಚಿಲಕ ಹಾಕು."

"ಅದನ್ನೂ ಹೇಳಿದ್ರಾ ಆ ಡಾಕ್ಟರು? ಬಾಯಲ್ಲಿ ಒಂದು ಕಾಳು ನೆನೆಯಲ್ಲ ಅವರಿಗೆ." ಓರಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ನುಗ್ಗಿದಳು. ಬೈಗುಳವೂ ಬಕೆಟ್ಟಿನ ಸದ್ದೂ ಒಟ್ಟಿಗೇ ಕೇಳಿದವು. ಆಮೇಲೆ ಎರಡೂ ನಿಂತವು.

ಅವಳು ಹೊರಗೆ ಬಂದಾಗ ದನಿ ಸಣ್ಣದಾಗಿತ್ತು. "ಹೊಟ್ಟೆಬಾಕ ಬೆಳಗಿನ ಬುಟ್ಟೀಲಿ ಅರ್ಧ ಮೇವು ಹಾಗೇ ಬಿಟ್ಟಿದ್ದಾನಲ್ಲೇ."

ಅಮ್ಮ ಗೇಟಿನಿಂದಲೇ ಹಿತ್ತಲ ಕಡೆ ಕೈ ತೋರಿಸಿದಳು. "ಹಾಗಾದರೆ ಅವನನ್ನೇ ಮೊದಲು ಕಟ್ಟು. ತೀರಾ ದೂರ ಕಟ್ಟು. ಉಳಿದ ಹದಿನೇಳನ್ನ ಉಳಿಸಿಕೊಳ್ಳೋಣ. ಕೊಟ್ಟಿಗೆ ನೆಲಕ್ಕೆ ಎರಚೋಕೆ ಸುಣ್ಣದ ಚೀಲ ತರ್ತೀನಿ."

ಮನೆಗೆ ಬಂದು ಚೀಲ ಹೊತ್ತು ಹೋಗಿ ಗೇಟಲ್ಲಿಟ್ಟಳು. ಮತ್ತೆ ಬಂದು ತನ್ನ ಕೊಟ್ಟಿಗೆಯ ತೊಟ್ಟಿಯನ್ನು ತಿಕ್ಕಲು ಕೂತಳು. ಇಡೀ ಬೀದಿಗೆ ಹೇಳಬೇಕು, ಸಂತೆಯಲ್ಲಿ ಮರಿ ಮಾರಿದವನಿಗೂ ಹೇಳಬೇಕು ಅಂತ ಲೆಕ್ಕ ಹಾಕುತ್ತಿದ್ದಳು. ಗುಬ್ಬಿ ಚೊಂಬಿನಿಂದ ನೀರು ಹೊಯ್ಯುತ್ತಿದ್ದಳು. ನೀರು ನಿಂತಿತು. ಅಮ್ಮ ತಲೆಯೆತ್ತಿದಳು. ಗುಬ್ಬಿ ಚೊಂಬನ್ನು ಎದೆಗವುಚಿಕೊಂಡು ನಿಂತಿದ್ದಳು.

"ಏನು ಕಂದ? ಏನಿಲ್ಲ ಅನ್ನಬೇಡ. ಕೇಳು."

"ಅಮ್ಮಾ, ಅವತ್ತು ನಾನು ಕಟ್ಟದೇ ಇದ್ದಿದ್ರೆ, ಹೊಟ್ಟೆಬಾಕ ಇವತ್ತು ಬುಟ್ಟಿ ಪೂರ್ತಿ ತಿಂತಿದ್ದನಾ?"