ನಾಲ್ಕನೇ ಕುರ್ಚಿಗೆ ಪೌಡರ್ ಇಲ್ಲ

ಆ ಟಿವಿ ಚಾನೆಲ್ಲಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸಂಜೆಯ ಚರ್ಚೆಗೆ ಕೂರುವವರೆಲ್ಲರ ಮುಖಕ್ಕೂ ಪೌಡರ್ ಹಚ್ಚಬೇಕು, ನಾಲ್ಕನೇ ಕುರ್ಚಿಯವರಿಗೆ ಮಾತ್ರ ಹಚ್ಚಬಾರದು. ನಾಲ್ಕನೇ ಕುರ್ಚಿ ಜನಸಾಮಾನ್ಯರದು. ದಿನಾ ಒಬ್ಬ ಅಂಗಡಿಯವನನ್ನೋ, ನಿವೃತ್ತ ಗುಮಾಸ್ತನನ್ನೋ, ಮನೆವಾರ್ತೆಯ ಹೆಂಗಸನ್ನೋ ಹಿಡಿದು ತಂದು ಅಲ್ಲಿ ಕೂರಿಸುತ್ತಿದ್ದರು. ಅವರ ಮುಖ ದೀಪದ ಶಾಖಕ್ಕೆ ಬೆವರಬೇಕು, ಮೂಗಿನ ಎಣ್ಣೆ ಹೊಳೆಯಬೇಕು, ಕಣ್ಣ ಕೆಳಗಿನ ಕಪ್ಪು ಕಾಣಬೇಕು. ಆಗ ನೋಡುವವರಿಗೆ ಇವರು ಹೇಳುತ್ತಿರುವುದು ನಿಜ ಅನ್ನಿಸುತ್ತದಂತೆ. ನಿಜಕ್ಕೂ ಒಂದು ವೇಷ ಬೇಕೆಂದು ಕಂಡುಹಿಡಿದ ಮಹಾನುಭಾವರಿಗೆ ಎಷ್ಟು ಶಾಲು ಹೊದಿಸಿದರೂ ಕಡಿಮೆಯೇ.

ಪೌಡರ್ ಹಚ್ಚುವವಳಿಗೆ ಪೌಡರಕ್ಕ ಎಂದೇ ಹೆಸರು. ಕಂತ್ರಾಟಿನವನು ಕಳಿಸಿದ ಹೆಂಗಸು, ಅಗ್ಗಕ್ಕೆ ಸಿಕ್ಕವಳು. ಎಲ್ಲಿಯವಳು ಎಂದು ಅಲ್ಲಿ ಒಬ್ಬರೂ ಕೇಳಿರಲಿಲ್ಲ. ಅಗ್ಗದ ಸಾಮಾನಿನ ಊರು ಯಾರು ಕೇಳುತ್ತಾರೆ? ಕೇಳಿದ್ದರೆ ಹೊಳೆಯಾಚೆಯವಳು ಅನ್ನಬೇಕಾಗುತ್ತಿತ್ತು. ಹೊಳೆಯ ಎರಡು ದಡದಲ್ಲೂ ಆಡುವ ಮಾತು ಒಂದೇ, ಬೈಗುಳವೂ ಒಂದೇ. ನಡುವೆ ಗೆರೆ ಎಳೆದವರು ಮಾತ್ರ ಎರಡು ದಡಕ್ಕೂ ಸೇರದ ಬೇರೆ ಯಾರೋ. ಆ ಗೆರೆಯನ್ನು ಅವಳೂ ಅವಳ ತಂಗಿಯೂ ಎದೆಮಟ್ಟದ ನೀರಿನಲ್ಲಿ ದಾಟಿ ಬಂದು ವರ್ಷಗಳೇ ಆಗಿದ್ದವು. ಈ ದಡದಲ್ಲಿ ಇರಲು ಬೇಕಾದ ಕಾಗದ ಪತ್ರ ಇಬ್ಬರ ಬಳಿಯೂ ಇರಲಿಲ್ಲ.

ಚುನಾವಣೆ ಹತ್ತಿರವಾಗಿತ್ತು. ಹಾಗಾಗಿ ಆ ತಿಂಗಳೆಲ್ಲ ಚರ್ಚೆಗೆ ಒಂದೇ ವಿಷಯ: ಕದ್ದು ಗಡಿ ದಾಟಿ ಬಂದವರು, ಮತ್ತು ಅವರಿಂದ ಸರ್ಕಾರದ ಬೊಕ್ಕಸಕ್ಕೆ ಬೀಳುವ ಹೊರೆ. ಮೊದಲ ಕುರ್ಚಿಯಲ್ಲಿ ಆಂಕರ್. ಮನೆಯಲ್ಲಿ ಹೆಂಡತಿಯ ಮುಂದೆ ಕೆಮ್ಮಲೂ ಹೆದರುವ ಆ ಮನುಷ್ಯ ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ ಗುಡುಗುತ್ತಿದ್ದ. ಎರಡನೆಯದರಲ್ಲಿ ಗಡಿ ಪಡೆಯ ನಿವೃತ್ತ ಅಧಿಕಾರಿ ಮೀಸೆ ಸಾಹೇಬರು. ದಾಟಿ ಬಂದವರನ್ನೆಲ್ಲ ಒದ್ದು ಓಡಿಸಬೇಕು ಎನ್ನುವುದು ಅವರ ಪಾಲಿನ ಮಾತು. ಮೂರನೆಯದರಲ್ಲಿ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು. ಬಂದವರು ತಿನ್ನುವುದಕ್ಕಿಂತ ದುಡಿಯುವುದೇ ಹೆಚ್ಚು, ಇರಲಿ ಬಿಡಿ, ಎನ್ನುವುದು ಇವರ ಪಾಲಿನದು. ಒಬ್ಬರು ದನ ಮಾರಿಬಿಡಿ ಅನ್ನುವವರು, ಇನ್ನೊಬ್ಬರು ಹಾಲು ಕೊಡುತ್ತೆ ಇಟ್ಟುಕೊಳ್ಳಿ ಅನ್ನುವವರು. ದನವನ್ನು ಮಾತಾಡಿಸಿದವರು ಇಬ್ಬರಲ್ಲೂ ಇಲ್ಲ.

ಮೇಕಪ್ ಕೋಣೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದರು. ಒಬ್ಬರ ಮಂಡಿನೋವಿಗೆ ಇನ್ನೊಬ್ಬರು ಮುಲಾಮು ಹೇಳುತ್ತಿದ್ದರು.

"ಮೇಷ್ಟ್ರೇ, ನಿನ್ನೆ ನನ್ನನ್ನ ಮನುಷ್ಯತ್ವ ಇಲ್ಲದವನು ಅಂದ್ರಲ್ಲ, ನಮ್ಮನೆಯವಳು ಕೈತಟ್ಟಿ ನಕ್ಳು ಕಣ್ರೀ!"

"ಇವತ್ತು ನೀವು ನನ್ನನ್ನ ದೇಶದ್ರೋಹಿ ಅನ್ನಿ, ಸರಿಹೋಗುತ್ತೆ."

ಪೌಡರಕ್ಕ ಒಬ್ಬರ ಬೋಳು ಹಣೆಯ ಹೊಳಪು ಇಳಿಸಿ, ಇನ್ನೊಬ್ಬರ ಮೀಸೆಯ ಬಿಳಿ ಮುಚ್ಚಿ, ಇಬ್ಬರನ್ನೂ ಜಗಳಕ್ಕೆ ಕಳಿಸುತ್ತಿದ್ದಳು.

ಅವಳೂ ತಂಗಿಯೂ ಇದ್ದದ್ದು ಗ್ಯಾರೇಜೊಂದರ ಮೇಲಿನ ಒಂಟಿ ಕೋಣೆಯಲ್ಲಿ. ಗೋಡೆಗೆಲ್ಲ ಗ್ರೀಸಿನ ವಾಸನೆ. ತಂಗಿಯ ಗಂಡ ಲಾರಿ ಕ್ಲೀನರ್, ರಸ್ತೆಯಲ್ಲೇ ಅವನ ಸಂಸಾರ. ತಂಗಿ ಈಗ ದಿನ ತುಂಬಿದ ಬಸುರಿ. ಸಂಜೆಯಾದರೆ ಮೊಬೈಲನ್ನು ಗೋಡೆಗೆ ಆನಿಸಿಟ್ಟು ಅಕ್ಕನ ಚಾನೆಲ್ ನೋಡುತ್ತಿದ್ದಳು. ಅಕ್ಕ ಮನೆಗೆ ಬಂದ ಮೇಲೆ ಇಬ್ಬರಿಗೂ ಅದೇ ಒಂದು ನಗು.

"ಮೀಸೆ ಇವತ್ತು ಕರ್ರಗೆ ಮಿಂಚ್ತಿತ್ತು ಕಣಕ್ಕ."

"ಮಿಂಚದೆ ಏನು, ನನ್ನ ಬ್ರಷ್ಷಿನ ಪುಣ್ಯ! ನೋಡು, ಪೌಡರ್ ಹಚ್ಕೊಂಡೋರ ಮಾತು ಒಂದನ್ನೂ ನಂಬ್ಬೇಡ. ಒಳಗೊಂದು ಹೊರಗೊಂದು. ಕೇಳೋದಾದ್ರೆ ಆ ನಾಲ್ಕನೇ ಕುರ್ಚಿಯವರ ಮಾತು ಕೇಳು. ಪಾಪ, ಅವರಿಗೆ ಸುಳ್ಳು ಹೇಳಿ ರೂಢಿ ಇರಲ್ಲ."

ಈ ಮಾತನ್ನು ಅವಳು ಒಂದಲ್ಲ ನೂರು ಸಲ ಹೇಳಿದ್ದಳು.

ತಂಗಿಯ ಚೊಚ್ಚಲ ಮಗು ಇದೇ ಕೋಣೆಯಲ್ಲಿ, ಇದೇ ನೆಲದ ಮೇಲೆ ಹುಟ್ಟಿ ಉಸಿರೆಳೆಯದೆ ಹೋಗಿತ್ತು. ಆಸ್ಪತ್ರೆಗೆ ಹೋದರೆ ಹಿಡಿದುಕೊಡುತ್ತಾರೆ ಎಂಬ ಹೆದರಿಕೆಗೆ ಆಗ ಯಾರೂ ಹೊಸ್ತಿಲು ದಾಟಿರಲಿಲ್ಲ. ಆ ಸಂಕಟ ಪೌಡರಕ್ಕನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಈ ಸಲ ಅವಳೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು, ಹಿರಿಯ ನರ್ಸಮ್ಮನನ್ನು ಬಾಯಿಬಿಟ್ಟು ಕೇಳಿದ್ದಳು. ನರ್ಸಮ್ಮ ಗ್ಲೌಸ್ ಕಳಚುತ್ತಾ, "ಇಲ್ಲಿ ಹೊಟ್ಟೆ ನೋಡ್ತೀವಮ್ಮ, ಊರು ಕೇಳಲ್ಲ. ತಡ ಮಾಡ್ದೆ ಕರ್ಕೊಂಡು ಬಾ, ಅಷ್ಟೇ" ಅಂದಿದ್ದಳು. ಅಷ್ಟು ಸಾಕಾಯಿತು. ಮನೆಗೆ ಬಂದು ತಂಗಿಯ ಕೈಯಲ್ಲಿ ಭಾಷೆ ತೆಗೆದುಕೊಂಡಳು: ನೋವು ಬಂದಾಗ ನಾನು ಕೆಲಸದಲ್ಲಿದ್ದರೆ ಕಾಯಬೇಡ, ಕೆಳಗಿನ ಗ್ಯಾರೇಜಿನಮ್ಮನನ್ನು ಕರೆದುಕೊಂಡು ಹೊರಟುಬಿಡು. ಗ್ಯಾರೇಜಿನಮ್ಮನ ಗಂಡ ಗಾಡಿಗೆ ಎಣ್ಣೆ ತುಂಬಿಸಿ ಇಟ್ಟಿದ್ದ. ತಂಗಿ ಹೂಂ ಅಂದಿದ್ದಳು.

ಒಂದು ದಿನ ನಾಲ್ಕನೇ ಕುರ್ಚಿಗೆ ಬಂದವನು ಔಷಧಿ ಅಂಗಡಿಯವನು. ಮನೆಯಲ್ಲಿ ಹುಲಿಯಂತೆ ಮಾತು ಕಲಿತು ಬಂದಿದ್ದವನು ದೀಪಗಳನ್ನು ನೋಡಿದ್ದೇ ತಡ ಹೊಟ್ಟೆ ಹಿಡಿದುಕೊಂಡು ಕಕ್ಕಸಿಗೆ ಓಡಿದ. ಅಲ್ಲಿಂದ ಆಚೆಗೇ ಬರಲಿಲ್ಲ. ಕಾರ್ಯಕ್ರಮ ಶುರುವಾಗುವ ಹೊತ್ತು. ಪ್ರೊಡ್ಯೂಸರ್ ಹುಡುಗಿ ಕಾರಿಡಾರಿನಲ್ಲಿ ಅತ್ತಿಂದಿತ್ತ ಸುತ್ತಿದಳು. ಆಮೇಲೆ ಅವಳ ಕಣ್ಣು ಬ್ರಷ್ ಹಿಡಿದು ನಿಂತ ಪೌಡರಕ್ಕನ ಮೇಲೆ ನಿಂತಿತು.

"ಅಕ್ಕಾ, ನೀವೇ ಕೂತ್ಕೊಂಡ್ಬಿಡಿ. ಸರಿಯಾಗಿ ಹೊಂದುತ್ತೆ!"

"ನಾನಾ? ಅಯ್ಯೋ, ನಂಗೆ ಮಾತು ಬರಲ್ಲ ತಾಯಿ."

"ದಿನಾ ಕೇಳ್ತೀರಲ್ಲ, ಅದನ್ನೇ ಹೇಳಿ. ಯಾಕೆ ಹೆದರ್ತೀರಿ? ನೀವೇನು ಗಡಿ ದಾಟಿ ಬಂದವರಾ?"

ಅದು ತಮಾಷೆ. ಅಲ್ಲಿದ್ದವರೆಲ್ಲ ನಕ್ಕರು. ಪೌಡರಕ್ಕನೂ ನಕ್ಕಳು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಅವಳಿಗೂ ಗೊತ್ತು. ಇನ್ನೊಂದು ಸಲ ಬೇಡ ಅಂದರೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ, ಅದರ ಬೆನ್ನಿಗೆ ಇನ್ನೊಂದು. ಅವಳು ಬ್ರಷ್ ಕೆಳಗಿಟ್ಟು ಹೋಗಿ ಕೂತಳು. ಅವಳ ಮೊಬೈಲು ಎಂದಿನಂತೆ ಸ್ಟುಡಿಯೋದ ಹೊರಗಿನ ಡಬ್ಬಿಯಲ್ಲಿತ್ತು, ಒಳಗೆ ಯಾರೂ ಫೋನ್ ತರುವಂತಿರಲಿಲ್ಲ. ಪ್ರೊಡ್ಯೂಸರ್ ಹುಡುಗಿ ಒದ್ದೆ ಬಟ್ಟೆ ತಂದು, ಅವಳು ಬೆಳಗ್ಗೆ ಹಚ್ಚಿಕೊಂಡಿದ್ದ ಅಷ್ಟಿಷ್ಟು ಪೌಡರನ್ನೂ ತಾನೇ ಒರೆಸಿದಳು.

ಕೆಂಪು ದೀಪ ಹತ್ತಿತು. ಮೀಸೆ ಸಾಹೇಬರು ಹೆರಿಗೆ ವಾರ್ಡುಗಳ ಖರ್ಚು ಎತ್ತಿದರು. ಹಾವಿಗೆ ಹಾಲೆರೆದದ್ದು ಸಾಕು ಅಂದರು. ಮೇಷ್ಟ್ರು, ಆ ಮಕ್ಕಳೇ ನಾಳೆ ನಮಗೆ ಅಗ್ಗದ ಕೂಲಿ ಅಂದರು. ಆಮೇಲೆ ಆಂಕರ್ ನಾಲ್ಕನೇ ಕುರ್ಚಿಯತ್ತ ತಿರುಗಿ ದನಿಗೆ ಬೆಣ್ಣೆ ಸವರಿಕೊಂಡ.

"ಅಮ್ಮಾ, ನೀವು ಈ ನಾಡಿನ ಒಬ್ಬ ಸಾಮಾನ್ಯ ಹೆಣ್ಣುಮಗಳು. ಸರ್ಕಾರಿ ಆಸ್ಪತ್ರೆಯಲ್ಲಿ ನಿಮಗೇನಾಯ್ತು? ಧೈರ್ಯವಾಗಿ ಹೇಳಿ."

ಮೀಸೆ ಸಾಹೇಬರು ಅವಳನ್ನೇ ನೋಡುತ್ತಿದ್ದರು. ಗಡಿಯ ಕಟ್ಟೆಯಲ್ಲಿ ಕೂತು ಮುಖಗಳನ್ನು ನೋಡಿ ನೋಡಿ ಪಳಗಿದ ಕಣ್ಣು. ಇಷ್ಟು ದಿನ ಅವರ ಮುಖವನ್ನು ಅವಳು ನೋಡಿದ್ದಳೇ ಹೊರತು ಅವಳ ಮುಖವನ್ನು ಅವರು ನೋಡಿರಲಿಲ್ಲ. ಈಗ ಗುರುತು ಹಿಡಿದರು ಅಂತಲೇ ಅವಳಿಗೆ ಅನ್ನಿಸಿತು. ಹೆದರಿಕೆ ಬಾಯಿ ತೆರೆಸಿತು.

"ಏನು ಹೇಳೋದು ಸ್ವಾಮಿ, ನಮ್ಮ ಹೆಣ್ಮಕ್ಕಳು ಹೆರಿಗೆಗೆ ಹೋದ್ರೆ ಹಾಸಿಗೆ ಇರಲ್ಲ. ಎಲ್ಲಾ ಅವರೇ ಮಲ್ಕೊಂಡಿರ್ತಾರೆ. ತೆರಿಗೆ ಕಟ್ಟೋರು ನಾವು, ಹೆರೋರು ಅವರು."

ಮೀಸೆ ಸಾಹೇಬರದೇ ಮಾತು ಅದು. ಹೋದ ವಾರದ್ದು. ಅವರು ತಲೆಯಾಡಿಸಿದರು. ಅದನ್ನು ಕಂಡು ಅವಳಿಗೆ ಇನ್ನಷ್ಟು ಹೇಳಬೇಕು ಅನ್ನಿಸಿತು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

"ಮತ್ತೆ ಪರಿಹಾರ ಏನಮ್ಮ?" ಆಂಕರ್ ಮುಂದಕ್ಕೆ ಬಾಗಿದ.

"ಬಾಗಿಲಲ್ಲೇ ತಡೀಬೇಕು. ಎಲ್ಲಿಯವಳು ಅಂತ ಕೇಳ್ಬೇಕು. ಈಗ ಕೇಳೋಕೆ ಶುರು ಮಾಡಿದಾರಲ್ಲ! ಹೆರಿಗೆ ವಾರ್ಡಿನ ಬಾಗಿಲಲ್ಲಿ ಪೊಲೀಸ್ನೋರು ನಿಂತಿದಾರೆ. ಕಾಗದ ಇಲ್ದೋರನ್ನ ಅಲ್ಲಿಂದಲೇ ಜೀಪಿಗೆ ಹತ್ತಿಸ್ತಿದಾರೆ."

"ನೀವೇ ನೋಡಿದ್ರಾ?"

"ಈ ಕಣ್ಣಾರೆ ನೋಡ್ದೆ."

ಬಾಗಿಲಲ್ಲಿ ಪೊಲೀಸೂ ಇರಲಿಲ್ಲ, ಜೀಪೂ ಇರಲಿಲ್ಲ. ಅಲ್ಲಿದ್ದದ್ದು ಆ ನರ್ಸಮ್ಮ ಮಾತ್ರ. ಆದರೆ ಆ ಸ್ಟುಡಿಯೋದಲ್ಲಿ ಎಲ್ಲರೂ ಎಲ್ಲವನ್ನೂ ಕಣ್ಣಾರೆ ನೋಡಿದವರೇ, ಅವಳು ಅದನ್ನೇ ಕಲಿತಿದ್ದಳು. ಪರದೆಯ ಕೆಳಗೆ ಕೆಂಪು ಪಟ್ಟಿ ಓಡತೊಡಗಿತು: ಹೆರಿಗೆ ವಾರ್ಡಿನಲ್ಲಿ ಪೊಲೀಸ್ ತಪಾಸಣೆ, ಪ್ರತ್ಯಕ್ಷದರ್ಶಿ ಹೇಳಿಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತಾದರೂ ಒಡೆದ ಜಾಗದಲ್ಲೇ ಬಿದ್ದಿರುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಅವಳ ಬೆನ್ನು ತಟ್ಟಿದರು. ಮೀಸೆ ಸಾಹೇಬರು, "ನಿಮ್ಮಂಥೋರು ಬಾಯಿ ಬಿಟ್ರೆ ದೇಶ ಉಳಿಯುತ್ತಮ್ಮ" ಅಂದರು. ಅವಳಿಗೆ ಒಳಗೊಳಗೇ ಒಂದು ನೆಮ್ಮದಿ. ಸಿಕ್ಕಿಬೀಳಲಿಲ್ಲ. ಮನೆಗೆ ಹೋಗಿ ತಂಗಿಗೆ ಹೇಳಬೇಕು, ಹೊಟ್ಟೆ ಹಿಡಿದುಕೊಂಡು ನಗಬೇಕು ಅಂದುಕೊಂಡಳು. ಡಬ್ಬಿಯಿಂದ ಮೊಬೈಲ್ ತೆಗೆದಾಗ ಗ್ಯಾರೇಜಿನಮ್ಮನ ಕರೆಗಳು ಸಾಲಾಗಿ ಬಂದು ಬಿದ್ದಿದ್ದವು.

ಅವಳು ಮೆಟ್ಟಿಲು ಹತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗ್ಯಾರೇಜಿನಮ್ಮ ಬಾಗಿಲಲ್ಲಿ ಕೂತಿದ್ದಳು, ಮೊಣಕೈವರೆಗೂ ರಕ್ತ.

"ಗಾಡಿ ಬಾಗಿಲಿಗೆ ತಂದು ನಿಲ್ಸಿದ್ವಿ ಕಣೇ. ಚಪ್ಪಲಿನೂ ಹಾಕ್ಕೊಂಡಿದ್ಳು. ನಿನ್ನ ಮುಖ ಮೊಬೈಲಲ್ಲಿ ಕಾಣಿಸ್ತು ಅಂತ ಒಂದ್ನಿಮಿಷ ನಿಂತ್ಳು. ಆಮೇಲೆ ಜಪ್ಪಯ್ಯ ಅಂದ್ರೂ ಬರ್ಲಿಲ್ಲ. ನನ್ನ ಕಾಲು ಹಿಡ್ಕೊಂಡು ಬೇಡ ಬೇಡ ಅಂದ್ಳು. ಮಗು ಅಡ್ಡ ಕೂತಿತ್ತು, ನಂಗೇನು ಗೊತ್ತಾಗುತ್ತೆ ಹೇಳು?"

ಹೆಣ್ಣುಮಗು. ಹಳೆಯ ದುಪ್ಪಟಿಯಲ್ಲಿ ಸುತ್ತಿ ಮೂಲೆಯಲ್ಲಿ ಇಟ್ಟಿದ್ದರು. ಬೆಳಗ್ಗೆ ಗ್ಯಾರೇಜಿನಮ್ಮನ ಗಂಡ ಅದನ್ನು ಮಣ್ಣು ಮಾಡಲು ಎತ್ತಿಕೊಂಡು ಹೋದ. ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದವಳು ತಿರುಗಲಿಲ್ಲ. ಪೌಡರಕ್ಕ ಒಳಗೇ ಬೆಂದುಹೋದಳು. ಆದರೂ ಮಧ್ಯಾಹ್ನ ಮುಖ ತೊಳೆದು ಕೆಲಸಕ್ಕೆ ಹೋದಳು. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಹುಡುಕುತ್ತಾರೆ. ಅತ್ತು ಕೂರುವುದಕ್ಕೂ ಕಾಗದ ಬೇಕು ಈ ಲೋಕದಲ್ಲಿ.

ಮೇಕಪ್ ಕೋಣೆಯಲ್ಲಿ ಮೀಸೆ ಸಾಹೇಬರು ಅವಳನ್ನು ಕಂಡ ಕೂಡಲೇ ಕೂತಲ್ಲಿಂದಲೇ ಕೈ ಮುಗಿದರು.

"ನೀವು ಹೇಳಿದ್ದನ್ನ ಮಂತ್ರಿಗಳು ನೋಡಿದಾರಮ್ಮ! ಇವತ್ತಿಂದ ನಿಜವಾಗ್ಲೂ ಪೊಲೀಸ್ ಹಾಕಿದಾರೆ. ಹೆರಿಗೆ ವಾರ್ಡು ಅರ್ಧಕ್ಕರ್ಧ ಖಾಲಿಯಂತೆ. ಎಷ್ಟು ಉಳಿತಾಯ ಆಯ್ತು ನೋಡಿ ಸರ್ಕಾರಕ್ಕೆ!"

"ಅದು ಉಳಿತಾಯ ಅಲ್ಲ ಸಾಹೇಬ್ರೇ," ಮೇಷ್ಟ್ರು ಚಹಾ ಊದಿಕೊಳ್ಳುತ್ತಾ ಅಂದರು, "ಮುಂದೆ ದುಡಿಯೋ ಕೈ ಕಡಿಮೆ ಆಗುತ್ತೆ. ಲಾಂಗ್ ಟರ್ಮ್‌ನಲ್ಲಿ ನಷ್ಟ. ಇವತ್ತು ಅದನ್ನೇ ಹೇಳ್ತೀನಿ, ನೀವು ಮಧ್ಯೆ ಬಾಯಿ ಹಾಕ್ಬೇಡಿ."

ಪೌಡರಕ್ಕ ಮೇಷ್ಟ್ರ ಹಣೆಗೆ ಪೌಡರ್ ಹಚ್ಚಿದಳು. ಮೀಸೆಯ ಬಿಳಿ ಮುಚ್ಚಿದಳು. ಕೈ ಎಂದಿನಂತೆಯೇ ಓಡಿತು, ಅದೇ ಅವಳಿಗೆ ಹೇಸಿಗೆಯೆನಿಸಿತು. ನಾಳೆಯೂ ಕುರ್ಚಿಯಲ್ಲಿ ಕೂರಬೇಕೆಂದು ಪ್ರೊಡ್ಯೂಸರ್ ಹುಡುಗಿ ಹೇಳಿ ಹೋದಳು. ಜನ ತುಂಬ ಮೆಚ್ಚಿದ್ದಾರಂತೆ.

ಮನೆಗೆ ಬಂದಾಗ ತಂಗಿ ಅದೇ ಗೋಡೆ ನೋಡುತ್ತಿದ್ದಳು. ಎದೆಗೆ ಹಾಲು ಇಳಿದು ಕುಪ್ಪಸವೆಲ್ಲ ನೆನೆದಿತ್ತು. ಪೌಡರಕ್ಕ ಬಟ್ಟೆ ಒದ್ದೆ ಮಾಡಿ ಒರೆಸತೊಡಗಿದಳು, ಒರೆಸುತ್ತಾ ಒರೆಸುತ್ತಾ ಸಿಟ್ಟು ಉಕ್ಕಿಬಂತು. ಯಾರ ಮೇಲೋ ಬರಬೇಕಾದ ಸಿಟ್ಟು.

"ಅಷ್ಟು ಹೇಳಿದ್ನಲ್ಲೇ! ನರ್ಸಮ್ಮನ್ನ ನಾನೇ ಕಂಡು ಬಂದಿದ್ದೆ, ಗಾಡಿ ಬಾಗಿಲಲ್ಲಿತ್ತು. ಯಾಕೆ ಹೋಗ್ಲಿಲ್ಲ? ಅಲ್ಲಿ ಯಾವ ಪೊಲೀಸೂ ಇರ್ಲಿಲ್ಲ, ಯಾವ ಜೀಪೂ ಇರ್ಲಿಲ್ಲ. ಹೆದರ್ಕೊಂಡು ಏನೋ ಬೊಗಳಿದೆ. ಟಿವಿ ಕಣೇ ಅದು! ನಂಬ್ಬೇಡ ನಂಬ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"

ತಂಗಿ ಆಗ ಈಚೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಪೌಡರ್ ಹಚ್ಕೊಂಡೋರ ಮಾತು ನಂಬ್ಬೇಡ ಅಂದಿದ್ದೆ ಅಕ್ಕ. ನಿನ್ನ ಮುಖದಲ್ಲಿ ಪೌಡರ್ ಇರ್ಲಿಲ್ಲ. ಬೆವರು ಇಳೀತಿತ್ತು. ನನಗೇ ಹೇಳ್ತಿದೀಯ ಅಂದ್ಕೊಂಡೆ, ಹೋಗ್ಬೇಡ ಅಂತ."