ಒಗಿನೊ ಕೊಟ್ಟ ಕೆಂಪು ಸರಳು

ಜಪಾನಿನಲ್ಲಿ ಅರವತ್ತು ತುಂಬಿದವರಿಗೆ ಕೆಂಪು ಬಣ್ಣದ ಉಡುಗೊರೆ ಕೊಡುವುದು ರೂಢಿ. ಬೇರೆಯವರಿಗೆ ಟೋಪಿಯೋ ಅಂಗಿಯೋ ಬರುತ್ತದೆ. ಮಸಾನೊಬುವಿಗೆ ಬಂದದ್ದು ಕಬ್ಬಿಣದ ಸರಳು. ಕೊಟ್ಟವನು ನಲವತ್ತು ವರ್ಷದ ಗೆಳೆಯ, ವೆಲ್ಡಿಂಗ್ ಅಂಗಡಿಯ ಒಗಿನೊ. ಕಾರಿನ ಮುಂಭಾಗದ ಅಡಿಯಲ್ಲಿ ಅಡ್ಡಡ್ಡ ಬಿಗಿದರೆ ಅಡಿಯ ಚೌಕಟ್ಟು ಅಲುಗಾಡುವುದಿಲ್ಲ, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ ಎಂದು ತಾನೇ ಅಳೆದು, ಬೆಸೆದು, ಕೆಂಪು ಬಳಿದು, ತಾನೇ ಬಿಗಿದು ಹೋಗಿದ್ದ.

ಅವತ್ತಿನಿಂದ ಕಾರು ಯಾರ ಮಾತನ್ನೂ ಕೇಳಲಿಲ್ಲ. ಸ್ಟೀರಿಂಗ್ ತಿರುಗಿಸಿದರೆ ಮುಖ ಊದಿಸಿಕೊಂಡು ನೇರ ಹೋಗುತ್ತಿತ್ತು. ಗುನ್ಮಾದ ಸ್ಕೀ ಮೈದಾನದ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು, ಅವುಗಳಿಗೆ ತಗಲದಂತೆ ವೇಗವಾಗಿ ಕಾರು ಓಡಿಸುವ ಕ್ಲಬ್ ಅವರದು. ಈ ವರ್ಷ ಮಸಾನೊಬು ಕೆಡವಿದ ಕೋನುಗಳಿಗೆ ಲೆಕ್ಕವಿಲ್ಲ. ನವೆಂಬರಿನ ಇವತ್ತಿನ ಪಂದ್ಯವೇ ವರ್ಷದ ಕೊನೆಯದು; ಇದರಲ್ಲಿ ಮೊದಲ ಹತ್ತರೊಳಗೆ ಬಾರದಿದ್ದರೆ ಅವನನ್ನು ಹಿರಿಯರ ವಿಭಾಗಕ್ಕೆ ಸೇರಿಸುತ್ತಾರೆ. ಅಲ್ಲಿಯವರು ಒಂದು ಸುತ್ತು ಓಡಿಸಿ ಮೂರು ಸಲ ಚಹಾ ಕುಡಿಯುತ್ತಾರೆ.

ಮೊದಲ ಓಟದಲ್ಲಿ ಹದಿನಾಲ್ಕನೆಯವನಾದ. ಇನ್ನೊಂದೇ ಓಟ ಉಳಿದಿತ್ತು; ಎರಡರಲ್ಲಿ ಚೆನ್ನಾಗಿದ್ದದ್ದೇ ಲೆಕ್ಕಕ್ಕೆ.

"ಆ ಸರಳು ಬಿಚ್ಚಬಾರ್ದೇನ್ರೀ?" ಎಂದಳು ಹೆಂಡತಿ ಚಿಜುಕೊ, ಅನ್ನದುಂಡೆ ಕೈಗಿಡುತ್ತ.

"ಒಗಿನೊ ಅಲ್ಲೇ ನಿಂತಿದಾನೆ. ಕೊಟ್ಟಿದ್ದನ್ನ ಅವನ ಕಣ್ಮುಂದೇನೇ ಬಿಚ್ಚೋಕಾಗತ್ತಾ?"

"ಹಂಗಾದ್ರೆ ಬಿಡಿ. ಹಿರಿಯರ ಜೊತೆ ಆರಾಮಾಗಿ ಕೂತ್ಕೊಳ್ಳೋಕೆ ದಿಂಬು ಹೊಲಿದು ಕೊಡ್ತೀನಿ."

ದಿಂಬಿನ ಮಾತು ಚೆನ್ನಾಗಿಯೇ ನಾಟಿತು. ಸೈಲೆನ್ಸರ್ ನೋಡುವ ನೆಪ ಹೇಳಿ ಮಸಾನೊಬು ಕಾರಿನಡಿಗೆ ತೂರಿದ. ಸರಳನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಒಂದು ತುದಿಯ ಬೋಲ್ಟುಗಳನ್ನು ಎರಡು ಸುತ್ತು ಸಡಿಲಿಸಿ, ಬೀಳದಂತೆ ತಂತಿ ಸುತ್ತಿದ. ಸರಳು ಇದ್ದಲ್ಲೇ ಇತ್ತು, ಹಿಡಿತ ಮಾತ್ರ ಇರಲಿಲ್ಲ. ಗೆಳೆಯನಿಗೆ ದ್ರೋಹ ಮಾಡಿದ ಹಾಗೆ ಅನ್ನಿಸಿತು.

ಎರಡನೆಯ ಓಟದಲ್ಲಿ ಕಾರು ಮತ್ತೆ ಮೊದಲಿನ ಕಾರಾಯಿತು. ಒಂದು ಕೋನೂ ಬೀಳಲಿಲ್ಲ. ಎಂಟನೆಯ ಸ್ಥಾನ ಬಂತು.

ಕಾರು ನಿಲ್ಲಿಸಿದ್ದೇ ತಡ, ಒಗಿನೊ ಬಂದ. ಶಹಬ್ಬಾಸ್ ಅನ್ನಲಿಲ್ಲ, ನೇರ ಕಾರಿನಡಿಗೆ ತೂರಿದ.

"ಎಷ್ಟು ಸುತ್ತು ಸಡಿಲ ಮಾಡ್ದೆ?" ಅಡಿಯಿಂದ ದನಿ ಬಂತು.

"ಎರಡು."

"ಏಪ್ರಿಲ್‌ನಿಂದ ಕಾಯ್ತಿದೀನಿ ಮಾರಾಯ. ಅಳತೆ ತಪ್ಪಿದೀನಿ ಅಂತ ಮೊದಲ ಪಂದ್ಯದಲ್ಲೇ ಗೊತ್ತಾಯ್ತು. ಉಡುಗೊರೆ ಕೊಟ್ಟೋನು ಬಿಚ್ಚು ಅಂತ ಹೆಂಗೆ ಹೇಳ್ಲಿ? ನೀನು ಒಂದೊಂದು ಕೋನು ಕೆಡವಿದಾಗ್ಲೂ ನನಗೇ ಬಂದು ಬಡಿದಂಗಾಗ್ತಿತ್ತು."

ಮಸಾನೊಬುವಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಸ್ಪ್ಯಾನರ್ ಹಿಡಿದು ಅವನೂ ಒಳಗೆ ತೂರಿದ.

"ಒಳ್ಳೆ ಜೋಡಿ," ಎಂದಳು ಚಿಜುಕೊ, ಹೊರಗೆ ಕಾಣುತ್ತಿದ್ದ ನಾಲ್ಕು ಕಾಲುಗಳಿಗೆ. "ಇಬ್ರೂ ಬಾಯಿ ಬಿಡೋಕೆ ಏಳು ತಿಂಗಳು."

ಅಡಿಯಲ್ಲಿ ಒಬ್ಬೊಬ್ಬರು ಒಂದೊಂದು ತುದಿ ಬಿಚ್ಚತೊಡಗಿದರು.

"ಇನ್ನೊಂದ್ಸಲ ನಾನೇನಾದ್ರೂ ತಪ್ಪು ಮಾಡಿದ್ರೆ ಅವತ್ತೇ ಹೇಳ್ಬಿಡು," ಎಂದ ಒಗಿನೊ.

"ಹೇಳ್ತೀನಿ," ಎಂದ ಮಸಾನೊಬು.

ಹೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.